ಪತ್ತನಾಜೆಗೊಂದು ಟೈರ್ ನಿಯಮ

ಅರ್ಕುಳ ಕಳೆದು ಫರಂಗಿಪೇಟೆ, ಮಾರಿಪಳ್ಳ, ತುಂಬೆ ಹಾದು ಬ್ರಹ್ಮರಕೂಟ್ಲು ಟೋಲ್‌ಗೇಟ್ ತಲುಪುವವರೆಗೆ ರಾಷ್ಟ್ರೀಯ ಹೆದ್ದಾರಿ 75 ಹೆಚ್ಚುಕಡಿಮೆ ನೇತ್ರಾವತಿಯ ಮಗ್ಗುಲಲ್ಲೇ ಇದೆ. ಚತುಷ್ಪಥವಾದ ಮೇಲೆ ಇಲ್ಲಿ ಗಂಟೆಗೆ 80–90 ಕಿ.ಮೀ. ಯಾರಿಗೂ ವೇಗ ಅನ್ನಿಸುವುದಿಲ್ಲ. ಜೂನ್ ಬಂದು ರಸ್ತೆಯ ಮೇಲೆ ನೀರು ನಿಂತರೂ ಸ್ಪೀಡೋಮೀಟರಿನ ಮುಳ್ಳು ಅಲ್ಲಿಂದ ಕೆಳಗಿಳಿಯುವುದು ಕಡಿಮೆ. ಈಚಿನ ಹಲವು ಕಾರುಗಳಲ್ಲಿ ಆ ಮುಳ್ಳಿನ ಪಕ್ಕದಲ್ಲೇ ಒಂದು ಹಳದಿ ದೀಪದ ಏರ್ಪಾಡಿದೆ. ಟೈರನ್ನು ಅಡ್ಡಲಾಗಿ ಸೀಳಿದಂತಿರುವ ಚಿತ್ರ, ಅದರ ನಡುವೆ ಆಶ್ಚರ್ಯಸೂಚಕ ಚಿಹ್ನೆ. ಯಾವುದಾದರೂ ಚಕ್ರದಲ್ಲಿ ಗಾಳಿ ಇಳಿದರೆ ಅದು ಹೊತ್ತಿಕೊಳ್ಳುತ್ತದೆ. ಹೊತ್ತಿಕೊಳ್ಳದಷ್ಟು ಕಾಲ ಟೈರ್ ಸರಿಯಿದೆ ಎಂದು ನಂಬಿ ನಾವು ಓಡಾಡುತ್ತೇವೆ. ಕರಾವಳಿಯ ಮಳೆಗೆ ಈ ನಂಬಿಕೆ ಸಾಲದು ಎಂಬುದು ನನ್ನ ವಾದ. ಚಳಿಯ ದೇಶಗಳಲ್ಲಿ ಆ ದೀಪದ ಜೊತೆಗೆ ಋತುವಿಗೆ ತಕ್ಕ ಟೈರ್ ಎಂಬ ಶಿಸ್ತೂ ಇದೆ. ನಮ್ಮಲ್ಲಿಗೆ ಬಂದದ್ದು ದೀಪ ಮಾತ್ರ.

ದೀಪದ ಹುಟ್ಟಿಗೂ ಮಳೆಗೂ ಸಂಬಂಧವಿಲ್ಲ, ಹಿಮಕ್ಕೂ ಇಲ್ಲ. ಅದು ಬಿಸಿಯ ಕೂಸು. ತೊಂಬತ್ತರ ದಶಕದ ಅಮೆರಿಕದಲ್ಲಿ ಫೋರ್ಡ್ ಎಕ್ಸ್‌ಪ್ಲೋರರ್ ಗಾಡಿಗಳಿಗೆ ಹಾಕಿದ್ದ ಫೈರ್‌ಸ್ಟೋನ್ ಟೈರುಗಳು ಬೇಸಿಗೆಯ ಹೆದ್ದಾರಿಗಳಲ್ಲಿ ಮೇಲ್ಪದರ ಕಿತ್ತುಕೊಂಡು ಸಿಡಿದವು, ಗಾಡಿಗಳು ಪಲ್ಟಿಯಾದವು, 250ಕ್ಕೂ ಹೆಚ್ಚು ಜನ ಸತ್ತರು. 2000ದ ಆಗಸ್ಟ್‌ನಲ್ಲಿ ಕಂಪನಿ 65 ಲಕ್ಷ ಟೈರುಗಳನ್ನು ವಾಪಸು ಕರೆಸಿಕೊಂಡಿತು. ಆ ಗಾಡಿಗೆ ಫೋರ್ಡ್ ಸೂಚಿಸಿದ್ದ ಗಾಳಿ ಬರೀ 26 ಪಿಎಸ್‌ಐ. ಗಾಳಿ ಕಡಿಮೆಯಿದ್ದಷ್ಟೂ ಟೈರಿನ ಪಕ್ಕೆ ಹೆಚ್ಚು ಮಡಚುತ್ತದೆ, ಮಡಚಿದಷ್ಟೂ ಕಾಯುತ್ತದೆ. ಅದೇ ವರ್ಷದ ನವೆಂಬರ್‌ನಲ್ಲಿ ಅಲ್ಲಿನ ಸಂಸತ್ತಿನ ಕಾಯಿದೆ ಬಂತು. ಅದರಡಿ ರೂಪುಗೊಂಡ ನಿಯಮದ ಪ್ರಕಾರ 2007ರ ಸೆಪ್ಟೆಂಬರ್‌ನಿಂದ ಅಲ್ಲಿನ ಎಲ್ಲ ಹೊಸ ಲಘು ವಾಹನಗಳಿಗೂ ಟೈರ್ ಒತ್ತಡ ನಿಗಾ ವ್ಯವಸ್ಥೆ, ಅಂದರೆ ಟಿಪಿಎಂಎಸ್, ಕಡ್ಡಾಯವಾಯಿತು. ಯುರೋಪ್ 2014ರ ನವೆಂಬರ್ ಹೊತ್ತಿಗೆ ಅದೇ ದಾರಿ ಹಿಡಿಯಿತು. ಅಮೆರಿಕದ ನಿಯಮದಲ್ಲಿ, ಕಂಪನಿ ಸೂಚಿಸಿದ ಗಾಳಿಗಿಂತ ಕಾಲುಭಾಗ ಕಡಿಮೆಯಾದರೆ ದೀಪ ಹೊತ್ತಬೇಕು. ಅಂದರೆ 32 ಪಿಎಸ್‌ಐ ಇರಬೇಕಾದ ಚಕ್ರ 24ಕ್ಕೆ ಇಳಿಯುವವರೆಗೆ ಸುಮ್ಮನಿದ್ದರೂ ಅದು ನಿಯಮ ಮೀರಿದಂತಲ್ಲ. ಈ 24 ಎಂಬ ಅಂಕಿಗೆ ಆಮೇಲೆ ಬರುತ್ತೇನೆ.

ಗಾಳಿ ಇಳಿದದ್ದನ್ನು ಕಾರು ತಿಳಿಯುವುದು ಎರಡು ಬಗೆಯಲ್ಲಿ. ಒಂದು ಬಗೆಯಲ್ಲಿ ರಿಮ್ಮಿನ ಒಳಗೆ, ವಾಲ್ವಿನ ಬುಡದಲ್ಲಿ, ಬ್ಯಾಟರಿಯಿರುವ ಪುಟ್ಟ ಸೆನ್ಸರ್ ಕುಳಿತು ಒತ್ತಡವನ್ನೂ ಬಿಸಿಯನ್ನೂ ಅಳೆದು ರೇಡಿಯೊ ಅಲೆಯಲ್ಲಿ ಕಳಿಸುತ್ತದೆ. ಒಂದೊಂದು ಸೆನ್ಸರಿಗೂ ಅದರದೇ ಗುರುತಿನ ಸಂಖ್ಯೆ. ಇನ್ನೊಂದು ಬಗೆಯಲ್ಲಿ ಚಕ್ರದೊಳಗೆ ಏನೂ ಇರುವುದಿಲ್ಲ. ಗಾಳಿ ಇಳಿದ ಚಕ್ರದ ಸುತ್ತಳತೆ ಕೂದಲೆಳೆಯಷ್ಟು ಕಿರಿದಾಗಿ ಅದು ಉಳಿದವಕ್ಕಿಂತ ತುಸು ಬೇಗ ತಿರುಗುವುದನ್ನು ಎಬಿಎಸ್‌ನ ಸೆನ್ಸರುಗಳೇ ಗಮನಿಸುತ್ತವೆ. ನಮ್ಮಲ್ಲಿ 2019ರ ಏಪ್ರಿಲ್‌ನಿಂದ ಎಲ್ಲ ಹೊಸ ಕಾರುಗಳಿಗೂ ಎಬಿಎಸ್ ಕಡ್ಡಾಯವಾದ್ದರಿಂದ ಈ ಎರಡನೆಯ ಬಗೆಯನ್ನು ಅಗ್ಗದಲ್ಲಿ ಸೇರಿಸಬಹುದು. ಆದರೆ ಅದರ ದೌರ್ಬಲ್ಯ ದೊಡ್ಡದು. ನಾಲ್ಕೂ ಚಕ್ರಗಳ ಗಾಳಿ ನಿಧಾನವಾಗಿ ಒಟ್ಟಿಗೇ ಇಳಿದರೆ ಅದಕ್ಕೆ ವ್ಯತ್ಯಾಸ ಹಿಡಿಯುವುದು ಕಷ್ಟ. ಗಾಳಿ ತುಂಬಿಸಿದ ಮೇಲೆ ಗುಂಡಿ ಒತ್ತಿ ‘ಈಗ ಸರಿಯಿದೆ’ ಎಂದು ನಾವೇ ಹೇಳಿಕೊಡಬೇಕು. 28 ಇರುವಾಗ ಒತ್ತಿದರೆ ಅದಕ್ಕೆ 28 ಎಂಬುದೇ ಸರಿ.

ಟೊರಾಂಟೊ ಸುತ್ತಮುತ್ತಲೋ ಮ್ಯೂನಿಕ್‌ನಲ್ಲೋ ನೆಲೆಸಿರುವ ನಮ್ಮ ಕಡೆಯ ಕುಟುಂಬಗಳಿಗೆ ಈ ಸೆನ್ಸರಿನ ಕಿರಿಕಿರಿ ವರ್ಷಕ್ಕೆರಡು ಬಾರಿ ಎದುರಾಗುತ್ತದೆ. ಚಳಿಗಾಲದ ಟೈರ್ ಎಂದರೆ ಬರೀ ಒರಟು ಗೆರೆಯ ಟೈರಲ್ಲ. ಅದರ ರಬ್ಬರಿನ ಹದವೇ ಬೇರೆ. ತಾಪಮಾನ 7 ಡಿಗ್ರಿಗಿಂತ ಕೆಳಗಿಳಿದಂತೆ ಮಾಮೂಲಿ ಟೈರಿನ ರಬ್ಬರು ಸೆಡೆತುಕೊಳ್ಳುತ್ತದೆ, ಚಳಿಗಾಲದ್ದು ಮೆತ್ತಗೇ ಉಳಿಯುತ್ತದೆ. ಅದರ ಮೈಮೇಲಿನ ನೂರಾರು ಸಣ್ಣ ಸೀಳುಗಳು ಹಿಮವನ್ನು ಕಚ್ಚಿಕೊಳ್ಳುತ್ತವೆ. ಅದನ್ನೇ ನಮ್ಮ ಏಪ್ರಿಲ್ ಬಿಸಿಲಿಗೆ ತಂದು ಓಡಿಸಿದರೆ ಬೇಗ ಸವೆದುಹೋದೀತು, ತಿರುವಿನಲ್ಲಿ ಗಾಡಿ ಹೊಯ್ದಾಡೀತು. ಜರ್ಮನಿಯಲ್ಲಿ ಹಿಮ, ಮಂಜುಗಡ್ಡೆ ಇರುವ ರಸ್ತೆಗೆ ಇಳಿಯಬೇಕಾದರೆ ಪರ್ವತ ಮತ್ತು ಹಿಮಹರಳಿನ ಗುರುತಿರುವ ಟೈರೇ ಬೇಕು. ‘ಅಕ್ಟೋಬರ್‌ನಿಂದ ಈಸ್ಟರ್‌ವರೆಗೆ’ ಎಂಬುದು ಅಲ್ಲಿನವರ ಬಾಯಲ್ಲಿರುವ ಲೆಕ್ಕ. ಆಸ್ಟ್ರಿಯಾದಲ್ಲಿ ಅವಧಿ ಕಾನೂನಿನಲ್ಲೇ ಇದೆ, ನವೆಂಬರ್ 1ರಿಂದ ಏಪ್ರಿಲ್ 15. ಅಲ್ಲಿನ ಇನ್ನೊಂದು ಷರತ್ತು ನನಗೆ ಬಹಳ ಇಷ್ಟ: ಗೆರೆಗಳ ಆಳ 4 ಮಿ.ಮೀ.ಗಿಂತ ಕಡಿಮೆಯಾದರೆ, ಮೇಲೆ ಯಾವ ಗುರುತಿದ್ದರೂ ಕಾನೂನಿನ ಕಣ್ಣಿಗೆ ಅದು ಚಳಿಗಾಲದ ಟೈರೇ ಅಲ್ಲ. ಕೆನಡಾದ ಕ್ವಿಬೆಕ್ ಪ್ರಾಂತ್ಯದಲ್ಲಿ ಡಿಸೆಂಬರ್ 1ರಿಂದ ಮಾರ್ಚ್ 15ರವರೆಗೆ ಕಡ್ಡಾಯ. ಪಕ್ಕದ ಒಂಟಾರಿಯೊದಲ್ಲಿ ಕಡ್ಡಾಯವಿಲ್ಲ. ಬದಲಿಗೆ, ಚಳಿಗಾಲದ ಟೈರ್ ಹಾಕಿದವರಿಗೆ ವಿಮಾ ಕಂಪನಿಗಳು ಕಂತಿನಲ್ಲಿ ರಿಯಾಯಿತಿ ಕೊಡಲೇಬೇಕು ಎಂದು 2016ರಿಂದ ನಿಯಮವಿದೆ.

ಹೀಗೆ ವರ್ಷಕ್ಕೆರಡು ಸಲ ಟೈರ್ ಬದಲಿಸುವವರು ಸಾಮಾನ್ಯವಾಗಿ ಇನ್ನೊಂದು ಜೊತೆ ರಿಮ್ಮನ್ನೇ ಕೊಂಡು ಚಳಿಗಾಲದ ಟೈರನ್ನು ಅದಕ್ಕೆ ಹಾಕಿಸಿಟ್ಟಿರುತ್ತಾರೆ. ಆಗ ಜಾಕ್ ಕೊಟ್ಟು ನಾಲ್ಕು ಚಕ್ರ ಬಿಚ್ಚಿ ಹಾಕಿದರೆ ಮುಗಿಯಿತು. ಪ್ರಶ್ನೆ ಏಳುವುದು ಇಲ್ಲೇ. ಎರಡನೆಯ ಜೊತೆಗೂ ಸೆನ್ಸರ್ ಬೇಕೆ? ಬೇಕೆಂದರೆ ಸಾಕಷ್ಟು ಹಣ ಬೇಕು, ಮೇಲಾಗಿ ಹೊಸ ಸೆನ್ಸರುಗಳ ಗುರುತಿನ ಸಂಖ್ಯೆಯನ್ನು ಕಾರಿಗೆ ಪರಿಚಯಿಸಬೇಕು. ಕೆಲವು ಕಾರುಗಳು ಒಂದಷ್ಟು ದೂರ ಓಡಿಸಿದರೆ ತಾವೇ ಕಲಿಯುತ್ತವೆ. ಕೆಲವಕ್ಕೆ ಅಂಗಡಿಯವರ ಉಪಕರಣವೇ ಬೇಕು, ಅದೂ ಚಕ್ರ ಬದಲಿಸಿದ ಪ್ರತಿ ಸಲ. ಇದರಿಂದ ಪಾರಾಗಲು ಹಳೆಯ ಸೆನ್ಸರಿನ ಸಂಖ್ಯೆಯನ್ನೇ ಹೊಸದಕ್ಕೆ ನಕಲು ಮಾಡಿಸುವವರಿದ್ದಾರೆ. ಕಾರಿಗೆ ಚಕ್ರ ಬದಲಾದದ್ದೇ ತಿಳಿಯುವುದಿಲ್ಲ. ಅಮೆರಿಕದಲ್ಲಿ ಕೆಲಸಮಾಡುತ್ತಿರುವ ಸುರಕ್ಷತಾ ಸಾಧನವನ್ನು ರಿಪೇರಿಯವರು ಗೊತ್ತಿದ್ದೂ ನಿಷ್ಕ್ರಿಯಗೊಳಿಸುವಂತಿಲ್ಲ, ಹಾಗಾಗಿ ಸೆನ್ಸರಿಲ್ಲದ ಚಕ್ರ ಹಾಕಿಕೊಟ್ಟರೆ ಅಂಗಡಿಯವನೇ ಸಿಕ್ಕಿಬೀಳುತ್ತಾನೆ. ಕೆನಡಾದಲ್ಲಿ ಈ ವ್ಯವಸ್ಥೆ ಕಡ್ಡಾಯವೇ ಅಲ್ಲ. ಅಲ್ಲಿ ಬಹಳ ಜನ ಸೆನ್ಸರಿಲ್ಲದ ಚಕ್ರ ಹಾಕಿಸಿಕೊಂಡು ಇಡೀ ಚಳಿಗಾಲ ಹಳದಿ ದೀಪದ ಜೊತೆ ಬದುಕುತ್ತಾರೆ.

ಆ ದೀಪದ ಜೊತೆ ಬದುಕುವುದನ್ನು ಕಲಿತವರ ಬಗ್ಗೆ ನನಗೆ ಅನುಮಾನವಿದೆ. ಹಗಲೂ ರಾತ್ರಿ ಬೊಗಳುವ ನಾಯಿಗೆ ಮನೆಯವರು ಎದ್ದು ಬಾಗಿಲು ತೆರೆಯುವುದಿಲ್ಲ. ಚಳಿಯಲ್ಲೇ ಗಾಳಿ ಹೆಚ್ಚು ಇಳಿಯುವುದು ಎಂಬುದು ಇಲ್ಲಿನ ವ್ಯಂಗ್ಯ. 25 ಡಿಗ್ರಿಯಲ್ಲಿ 32 ಪಿಎಸ್‌ಐ ತುಂಬಿಸಿದ ಟೈರು ಮೈನಸ್ 15 ಡಿಗ್ರಿಯ ಬೆಳಗ್ಗೆ, ಒಂದು ಹನಿ ಗಾಳಿ ಸೋರದೆಯೂ, 26ರ ಆಸುಪಾಸಿಗೆ ಬಂದು ನಿಂತಿರುತ್ತದೆ. ಎಚ್ಚರಿಕೆ ಹೆಚ್ಚು ಬೇಕಾದ ತಿಂಗಳುಗಳಲ್ಲೇ ಎಚ್ಚರಿಸುವುದನ್ನು ಕಿತ್ತು ಗ್ಯಾರೇಜಿನ ಮೂಲೆಗಿಟ್ಟಂತಾಯಿತು. ಆದರೂ ಆ ಜನ ಒಂದು ಕೆಲಸವನ್ನು ತಪ್ಪದೆ ಮಾಡುತ್ತಾರೆ. ವರ್ಷಕ್ಕೆರಡು ಬಾರಿ ನಾಲ್ಕೂ ಟೈರುಗಳು ಒಬ್ಬ ಮನುಷ್ಯನ ಕೈಗೂ ಕಣ್ಣಿಗೂ ಬೀಳುತ್ತವೆ. ಗೆರೆಗಳ ಆಳ ಎಷ್ಟಿದೆ, ಒಂದು ಪಕ್ಕ ಹೆಚ್ಚು ಸವೆದಿದೆಯೇ, ಪಕ್ಕೆಯಲ್ಲಿ ಬಿರುಕಿದೆಯೇ, ಮೊಳೆ ಚುಚ್ಚಿದೆಯೇ ಎಂದು ಯಾರೋ ಒಬ್ಬರು ನೋಡುತ್ತಾರೆ. ಚಳಿಗಾಲದ ಟೈರಿನ ಪದ್ಧತಿಯಿಂದ ನಾವು ಕಲಿಯಬೇಕಾದದ್ದು ಟೈರನ್ನಲ್ಲ, ಆ ನೋಟವನ್ನು.

ಈಗ ನಮ್ಮ ಮಳೆಯ ಲೆಕ್ಕಕ್ಕೆ ಬರೋಣ. ದಕ್ಷಿಣ ಕನ್ನಡದಲ್ಲಿ ವರ್ಷಕ್ಕೆ ಸುಮಾರು 4000 ಮಿ.ಮೀ. ಮಳೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಚಳಿಯಿಂದ ನಮ್ಮ ಟೈರಿನ ಗಾಳಿ ಅಷ್ಟೇನೂ ಇಳಿಯುವುದಿಲ್ಲ. ಏಪ್ರಿಲ್ ಮಧ್ಯಾಹ್ನದಿಂದ ಜುಲೈ ಮುಂಜಾವಿಗೆ ಹೋಲಿಸಿದರೆ ಒಂದೂವರೆ ಪಿಎಸ್‌ಐ ಇಳಿದೀತು. ಆದರೆ ಸಣ್ಣಪುಟ್ಟ ಇಳಿಕೆಗಳು ಒಂದರ ಮೇಲೊಂದು ಕೂಡುತ್ತವೆ. ಸರಿಯಿರುವ ಟೈರಿನಿಂದಲೂ ತಿಂಗಳಿಗೆ ಒಂದೆರಡು ಪಿಎಸ್‌ಐ ರಬ್ಬರಿನ ಮೂಲಕವೇ ಸೋರುತ್ತದೆ. ಇಪ್ಪತ್ತು ಕಿ.ಮೀ. ಓಡಿಸಿ ಬಿಸಿಯಾದ ಟೈರಿಗೆ ಬಂಕಿನಲ್ಲಿ ‘32 ಹಾಕಿ’ ಎಂದು ಹಾಕಿಸಿಕೊಂಡರೆ ತಣ್ಣಗಾದ ಮೇಲೆ ಉಳಿಯುವುದು 29ರ ಆಸುಪಾಸು. ಇನ್ನು ಬೆಂಗಳೂರಿನಿಂದ ಧರ್ಮಸ್ಥಳಕ್ಕೆ ಬರುವವರದು ಮತ್ತೊಂದು ಲೆಕ್ಕ. ಸಮುದ್ರಮಟ್ಟದಿಂದ 900 ಮೀಟರ್ ಎತ್ತರದಲ್ಲಿ ತುಂಬಿಸಿಕೊಂಡ ಗಾಳಿ ಚಾರ್ಮಾಡಿ ಘಾಟಿ ಇಳಿದು ಉಜಿರೆಗೆ ಬರುವಷ್ಟರಲ್ಲಿ ಮೀಟರಿನಲ್ಲಿ ಹೆಚ್ಚುಕಡಿಮೆ ಒಂದೂವರೆ ಪಿಎಸ್‌ಐ ಕಡಿಮೆ ತೋರಿಸುತ್ತದೆ, ಹೊರಗಿನ ವಾಯುಭಾರವೇ ಹೆಚ್ಚಾಗಿರುವುದರಿಂದ. ಇದ್ಯಾವುದಕ್ಕೂ ದೀಪ ಹೊತ್ತುವುದಿಲ್ಲ. ಎಲ್ಲ ಕೂಡಿ 26 ಆದರೂ ಹೊತ್ತಲಿಕ್ಕಿಲ್ಲ.

ನೈಟ್ರೋಜನ್ ಹಾಕಿಸಿದರೆ ಇದೆಲ್ಲ ತಲೆನೋವಿಲ್ಲ ಎನ್ನುವವರಿದ್ದಾರೆ. ನಾವು ಉಸಿರಾಡುವ ಗಾಳಿಯಲ್ಲೇ ನೈಟ್ರೋಜನ್ ಶೇಕಡಾ 78ರಷ್ಟಿದೆ. ಉಳಿದ ಭಾಗಕ್ಕೂ ಅದನ್ನೇ ತುಂಬಿಸಿ ಹಣ ತೆಗೆದುಕೊಳ್ಳುವುದು ಒಳ್ಳೆಯ ವ್ಯಾಪಾರ.

26 ಇದ್ದರೆ ಏನಾಯಿತು? 1963ರಲ್ಲಿ ನಾಸಾದ ಲ್ಯಾಂಗ್ಲಿ ಸಂಶೋಧನಾ ಕೇಂದ್ರದ ವಾಲ್ಟರ್ ಹಾರ್ನ್ ಮತ್ತು ರಾಬರ್ಟ್ ಡ್ರೆಹರ್ ಎಂಬ ಎಂಜಿನಿಯರುಗಳು ಒದ್ದೆ ರನ್‌ವೇಯಲ್ಲಿ ವಿಮಾನದ ಚಕ್ರ ನೆಲ ಬಿಟ್ಟು ನೀರಿನ ಮೇಲೆ ತೇಲಲು ಶುರುವಾಗುವ ವೇಗ ಯಾವುದೆಂದು ಹುಡುಕಿದರು. ಉತ್ತರ ತೀರ ಸರಳವಾಗಿತ್ತು. ಆ ವೇಗ ಟೈರಿನೊಳಗಿನ ಒತ್ತಡದ ವರ್ಗಮೂಲಕ್ಕೆ ತಕ್ಕಂತೆ ಏರಿಳಿಯುತ್ತದೆ. ಚಕ್ರದ ಮುಂದೆ ಒತ್ತರಿಸುವ ನೀರಿನ ಬಲ ಒಳಗಿನ ಗಾಳಿಯ ಬಲವನ್ನು ಮೀರಿದ ಕ್ಷಣದಲ್ಲಿ ಟೈರು ಸೋಲುತ್ತದೆ. ಅವರ ಸೂತ್ರವನ್ನು ಕಾರಿಗೆ ಹಾಕಿ ನೋಡಿದರೆ 32 ಪಿಎಸ್‌ಐ ಇರುವ ಟೈರು ತೇಲುವುದು ಗಂಟೆಗೆ 94 ಕಿ.ಮೀ. ಹತ್ತಿರ, 26 ಇದ್ದರೆ 85, ದೀಪ ಹೊತ್ತುವ 24ಕ್ಕೆ ಬಂದರೆ 82. ಇದು ಅಂದಾಜು. ನೀರಿನ ಆಳ ಟೈರಿನ ಗೆರೆಗಳ ಆಳಕ್ಕಿಂತ ಹೆಚ್ಚಿದ್ದು, ಗೆರೆಗಳು ನೀರನ್ನು ಹೊರಹಾಕಲಾರದ ಸ್ಥಿತಿಗೆ ಹೊಂದುವ ಲೆಕ್ಕ. ಆದರೆ ಸವೆದ ಟೈರಿನ ಸ್ಥಿತಿ ಅದೇ ತಾನೆ? ಫರಂಗಿಪೇಟೆಯ ಹೆದ್ದಾರಿಯಲ್ಲಿ ಮಾಮೂಲಿ ಅನ್ನಿಸುವ ವೇಗ ಯಾವುದೆಂದು ಮೇಲೆ ಹೇಳಿದ್ದೇನೆ. ಒಣ ನೆಲದ ಬಿಸಿಯಲ್ಲಿ ಸಿಡಿಯುವ ಟೈರನ್ನು ಮನಸ್ಸಿನಲ್ಲಿಟ್ಟು ಗೊತ್ತುಮಾಡಿದ ಮಿತಿ, ಮಳೆಯ ರಸ್ತೆಯಲ್ಲಿ ಚಾಲಕನ ಕೈಯಿಂದ ಹತ್ತು ಹನ್ನೆರಡು ಕಿ.ಮೀ. ವೇಗದ ಅಂತರವನ್ನು ಸದ್ದಿಲ್ಲದೆ ಕಿತ್ತುಕೊಂಡ ಮೇಲೆಯೇ ಬಾಯಿ ತೆರೆಯುತ್ತದೆ.

ಗಾಳಿಗಾದರೂ ಒಂದು ದೀಪ ಇದೆ. ಗೆರೆಗಳ ಆಳಕ್ಕೆ ಅದೂ ಇಲ್ಲ. ಹೊಸ ಕಾರಿನ ಟೈರಿನಲ್ಲಿ 7–8 ಮಿ.ಮೀ. ಆಳದ ಗೆರೆಗಳಿರುತ್ತವೆ. ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ಕಾರಿಗೆ ಕನಿಷ್ಠ 1.6 ಮಿ.ಮೀ., ದ್ವಿಚಕ್ರ ಮತ್ತು ತ್ರಿಚಕ್ರ ವಾಹನಗಳಿಗೆ 0.8 ಮಿ.ಮೀ. ಉಳಿದಿರಬೇಕು. ಬೀದರಿನ ಏಪ್ರಿಲ್‌ಗೂ ಬೆಳ್ತಂಗಡಿಯ ಜುಲೈಗೂ ಒಂದೇ ಅಳತೆ. 3 ಮಿ.ಮೀ.ಗಿಂತ ಕೆಳಗಿಳಿದ ಟೈರು ಒದ್ದೆ ರಸ್ತೆಯಲ್ಲಿ ನಿಲ್ಲಲು ತೆಗೆದುಕೊಳ್ಳುವ ದೂರ ಬೇಗಬೇಗ ಬೆಳೆಯುತ್ತಾ ಹೋಗುತ್ತದೆ. 1.6ರ ಟೈರು ಕಾನೂನಿಗೆ ಸರಿ, ಗಾಳಿ 32 ಇದ್ದರೆ ದೀಪಕ್ಕೂ ಸರಿ, ಆದರೆ ಸಿದ್ಧಕಟ್ಟೆಯ ದಾರಿಯಾಗಿ ಮೂಡುಬಿದಿರೆಗೆ ಹೋಗುವಾಗ ಕೆಂಪುಕಲ್ಲಿನ ಲಾರಿಗಳು ಉದುರಿಸಿದ ಮಣ್ಣು ಮಳೆಗೆ ನೆನೆದು ತಿರುವಿನಲ್ಲಿ ಹರಡಿಕೊಂಡಿರುವ ಕಡೆ ಅದು ಯಾವುದಕ್ಕೂ ಸರಿಯಲ್ಲ. 2022ರಲ್ಲಿ ಕೇಂದ್ರ ಸರ್ಕಾರ ಹೊಸ ಟೈರುಗಳಿಗೆ ಒದ್ದೆ ನೆಲದ ಹಿಡಿತ, ಉರುಳುವ ಪ್ರತಿರೋಧ, ಸದ್ದು ಈ ಮೂರರ ಮಾನದಂಡ ತಂದದ್ದು ಒಳ್ಳೆಯದೇ. ಅದು ಕಾರ್ಖಾನೆಯಿಂದ ಹೊರಬರುವ ಟೈರಿನ ಪರೀಕ್ಷೆ. ಮೂರನೆಯ ಮಳೆಗಾಲದ ಟೈರನ್ನು ಯಾರೂ ಪರೀಕ್ಷಿಸುವುದಿಲ್ಲ.

ಇನ್ನು ಪಂಕ್ಚರ್ ಅಂಗಡಿ. ನಮ್ಮ ಹೆದ್ದಾರಿ ಬದಿಯ ಪಂಕ್ಚರ್ ಅಂಗಡಿಯವರ ಕೈಚಳಕದ ಮೇಲೆ ನನಗೆ ಗೌರವವಿದೆ. ಟ್ಯೂಬ್‌ಲೆಸ್ ಟೈರಿನ ತೂತಿಗೆ ಹೊರಗಿನಿಂದಲೇ ರಬ್ಬರಿನ ಬತ್ತಿ ತುರುಕಿ ಹತ್ತು ನಿಮಿಷದಲ್ಲಿ ಕಳಿಸಿಕೊಡುತ್ತಾರೆ. ಚಕ್ರದೊಳಗಿನ ಸೆನ್ಸರಿಗೆ ಆಗ ಯಾವ ಅಪಾಯವೂ ಇಲ್ಲ. ಟೈರನ್ನು ರಿಮ್ಮಿನಿಂದ ಬಿಡಿಸಬೇಕಾದಾಗ ಕಥೆ ಬದಲಾಗುತ್ತದೆ. ಯಂತ್ರದ ಒತ್ತುಗೈಯನ್ನು ವಾಲ್ವಿನ ಪಕ್ಕದಲ್ಲೇ ಇಟ್ಟು ಒತ್ತಿದರೆ ಒಳಗಿನ ಸೆನ್ಸರ್ ಪುಡಿಯಾಗುತ್ತದೆ. ವಾಲ್ವಿನಿಂದ ದೂರ ಇಡಬೇಕೆಂಬುದು ಒಂದು ಸಾಲಿನ ಪಾಠ, ಆದರೆ ಒಳಗೆ ಸೆನ್ಸರ್ ಇದೆ ಎಂದು ಗಿರಾಕಿಯಾದರೂ ಹೇಳಬೇಕಲ್ಲ, ಅವನಿಗೇ ಗೊತ್ತಿರುವುದಿಲ್ಲ. ಅಲ್ಯೂಮಿನಿಯಂ ವಾಲ್ವಿಗೆ ಹಿತ್ತಾಳೆಯ ಕ್ಯಾಪು ಹಾಕಿದರೆ ನಮ್ಮ ತೇವಕ್ಕೆ ಎರಡೂ ಕಚ್ಚಿಕೊಂಡು ಬಿಚ್ಚುವಾಗ ವಾಲ್ವೇ ಮುರಿಯುತ್ತದೆ. ಪಂಕ್ಚರಿಗೆಂದು ಸುರಿಯುವ ಅಂಟುದ್ರವ ಸೆನ್ಸರಿನ ಉಸಿರುಗಂಡಿಯನ್ನು ಮುಚ್ಚಬಹುದು. ಇದೇನೂ ಆಗದಿದ್ದರೂ ಐದರಿಂದ ಹತ್ತು ವರ್ಷದಲ್ಲಿ ಅದರ ಬ್ಯಾಟರಿ ಮುಗಿಯುತ್ತದೆ, ಅದನ್ನಷ್ಟೇ ಬದಲಿಸಲು ಬರುವುದಿಲ್ಲ. ಸೆನ್ಸರಿಗೆ ಹಣ ಹಾಕುವುದಕ್ಕಿಂತ ದೀಪವನ್ನು ಹಾಗೇ ಉರಿಯಬಿಡುವುದು ಸುಲಭ. ಕೆನಡಾದವರು ಚಳಿಗಾಲದ ಮಟ್ಟಿಗೆ ಮಾಡುವುದನ್ನು ನಾವು ಗಾಡಿ ಮಾರುವವರೆಗೆ ಮಾಡುತ್ತೇವೆ. ಚಕ್ರಗಳನ್ನು ಹಿಂದುಮುಂದು ಮಾಡಿಸಿದವರದು ಇನ್ನೂ ವಿಚಿತ್ರ. ಕಾರಿಗೆ ಜಾಗ ಬದಲಾದದ್ದನ್ನು ಹೇಳಿಕೊಡದಿದ್ದರೆ ಹಿಂದಿನ ಎಡಚಕ್ರದ ಗಾಳಿ ಇಳಿದಾಗ ಪರದೆ ಮುಂದಿನದನ್ನು ತೋರಿಸುತ್ತದೆ, ಮಾಲೀಕ ಸರಿಯಿರುವ ಚಕ್ರಕ್ಕೆ ಇನ್ನಷ್ಟು ಗಾಳಿ ಹೊಡೆಸಿಕೊಂಡು ಹೋಗುತ್ತಾನೆ. (ಎರಡೇ ಹೊಸ ಟೈರ್ ಕೊಂಡರೆ ಅವನ್ನು ಹಿಂದಕ್ಕೆ ಹಾಕಿಸಬೇಕು, ಒದ್ದೆಯಲ್ಲಿ ಹಿಂಭಾಗ ಜಾರಿದರೆ ಗಾಡಿ ಗಿರಕಿ ಹೊಡೆಯುತ್ತದೆ ಎಂದು ಟೈರ್ ಕಂಪನಿಗಳೇ ಹೇಳುತ್ತವೆ. ನಮ್ಮಲ್ಲಿ ಹೊಸದು ಮುಂದಕ್ಕೇ ಹೋಗುತ್ತದೆ. ಈ ಜಗಳ ಇನ್ನೊಂದು ದಿನಕ್ಕಿರಲಿ.)

ಹೀಗೆ ಅರೆಬರೆ ನಂಬಬಹುದಾದ ಈ ದೀಪದ ಮೇಲೆ ಕಾನೂನು ಇನ್ನೊಂದು ಭಾರ ಹೊರಿಸಿದೆ. 2020ರ ಜುಲೈನಲ್ಲಿ ಹೊರಟು ಅದೇ ಅಕ್ಟೋಬರ್‌ನಿಂದ ಜಾರಿಗೆ ಬಂದ ತಿದ್ದುಪಡಿಯ ಪ್ರಕಾರ, ಟ್ಯೂಬ್‌ಲೆಸ್ ಟೈರು, ಟಿಪಿಎಂಎಸ್ ಮತ್ತು ರಿಪೇರಿ ಕಿಟ್ ಇರುವ ಕಾರಿಗೆ ಸ್ಟೆಪ್ನಿ ಬೇಕಾಗಿಲ್ಲ. ಜಾಗ ಉಳಿಯುತ್ತದೆ, ತೂಕ ಇಳಿಯುತ್ತದೆ, ವಿದ್ಯುತ್ ಕಾರುಗಳ ಬ್ಯಾಟರಿಗೆ ಅನುಕೂಲ. ಪೇಟೆಯಲ್ಲಿ ಓಡುವ ಗಾಡಿಗೆ ಇದು ಒಪ್ಪುವ ಮಾತೇ. ಆದರೆ ಕಿಟ್‌ನಲ್ಲಿರುವ ಅಂಟು ಮುಚ್ಚುವುದು ಮೊಳೆಯ ತೂತನ್ನು. ಮಳೆನೀರು ತುಂಬಿ ಕಾಣದಂತಾದ ಗುಂಡಿಯ ಅಂಚಿಗೆ ಬಡಿದು ಟೈರಿನ ಪಕ್ಕೆ ಸೀಳಿದರೆ ಅಂಟಿಗೆ ಅಲ್ಲಿ ಕೆಲಸವಿಲ್ಲ. ನಮ್ಮ ಮಳೆಗಾಲ ಸೀಳುವುದು ಹೆಚ್ಚಾಗಿ ಪಕ್ಕೆಯನ್ನೇ. ಚಾರ್ಮಾಡಿಯ ತಿರುವುಗಳಲ್ಲಿ ರಾತ್ರಿ, ಮಂಜಿನಲ್ಲಿ, ಮೊಬೈಲಿಗೆ ಸಿಗ್ನಲ್ಲಿಲ್ಲದ ಕಡೆ, ‘ಮುಂದಿನ ಎಡಚಕ್ರ 0’ ಎಂದು ಪರದೆ ಅತ್ಯಂತ ನಿಖರವಾಗಿ ತಿಳಿಸುತ್ತಿರುವಾಗ ಡಿಕ್ಕಿಯಲ್ಲಿ ಸ್ಟೆಪ್ನಿ ಇಲ್ಲದಿದ್ದರೆ ಆ ನಿಖರತೆಯನ್ನು ಏನು ಮಾಡುವುದು? 2019ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ಆ ಘಾಟಿಯನ್ನೇ ಮುಚ್ಚಬೇಕಾಗಿ ಬಂದಿತ್ತು. ಅಂಥ ದಾರಿಯಲ್ಲಿ ನಿಂತ ಒಂದು ಕಾರು ತನ್ನವರಿಗೆ ಮಾತ್ರ ತೊಂದರೆ ಕೊಡುವುದಿಲ್ಲ.

ಹಾಗಾದರೆ ಬೇಕಾದದ್ದೇನು? ಮಳೆನಾಡಿಗೆ ಮಳೆಗಾಲದ ಟೈರ್ ನಿಯಮ. ದಿನಾಂಕಕ್ಕಾಗಿ ಅಲೆಯಬೇಕಾಗಿಲ್ಲ, ತುಳುನಾಡಿನ ಕ್ಯಾಲೆಂಡರ್ ಅದನ್ನು ಎಂದೋ ಗೊತ್ತುಮಾಡಿದೆ. ಬೇಶ ತಿಂಗಳ ಹತ್ತನೆಯ ದಿನ, ಮೇ 24ರ ಆಸುಪಾಸು, ಪತ್ತನಾಜೆ. ಅಂದು ಯಕ್ಷಗಾನದ ಮೇಳಗಳು ತಿರುಗಾಟ ಮುಗಿಸಿ ಗೆಜ್ಜೆ ಬಿಚ್ಚುತ್ತವೆ, ಕೋಲ–ನೇಮಗಳು, ದೇವಸ್ಥಾನಗಳ ಉತ್ಸವಗಳು ನಿಲ್ಲುತ್ತವೆ, ಊರು ಮಳೆಗೆ ಸಿದ್ಧವಾಗುತ್ತದೆ. ಮಾಡಿನ ಹೆಂಚು ಕೈಯಾಡಿಸಿ, ತೋಡಿನ ಹೂಳೆತ್ತಿ, ಸೌದೆ ಒಳಗೆ ಹಾಕಿ ಮುಗಿಸಿರುವ ಮನೆಯ ಅಂಗಳದಲ್ಲಿ ನಿಂತ ಕಾರಿನ ಟೈರಿಗೆ ಮಾತ್ರ ಈ ಸಿದ್ಧತೆಯಲ್ಲಿ ಪಾಲಿಲ್ಲ. ಪತ್ತನಾಜೆಯಿಂದ ದೀಪಾವಳಿಯವರೆಗೆ ಕರಾವಳಿ ಮತ್ತು ಘಾಟಿಯ ರಸ್ತೆಗಳಲ್ಲಿ ಕಾರುಗಳ ಟೈರಿಗೆ ಕನಿಷ್ಠ 3 ಮಿ.ಮೀ. ಆಳ ಇರಬೇಕು, ಟಿಪಿಎಂಎಸ್ ಇದ್ದರೆ ಅದು ಕೆಲಸ ಮಾಡುತ್ತಿರಬೇಕು, ಬಾಡಿಗೆಗೆ ಜನರನ್ನು ಕರೆದೊಯ್ಯುವ ಗಾಡಿಯಲ್ಲಿ ದೀಪವಿದ್ದರೂ ಸ್ಟೆಪ್ನಿ ಬೇಕು.

ಇದಕ್ಕೆ ಬರುವ ಮೊದಲ ಆಕ್ಷೇಪ ದುಡ್ಡಿನದು, ಅದು ನ್ಯಾಯವಾದದ್ದೇ. 8 ಮಿ.ಮೀ.ನಿಂದ 1.6ರವರೆಗೆ ಸವೆಸಬಹುದಾದ ಟೈರನ್ನು 3ಕ್ಕೇ ಬಿಟ್ಟರೆ ಅದರ ಆಯುಷ್ಯದ ಐದನೇ ಒಂದು ಪಾಲಿಗಿಂತ ತುಸು ಹೆಚ್ಚೇ ಕೈಬಿಡುತ್ತದೆ. ಟ್ಯಾಕ್ಸಿಯಲ್ಲಿ ದುಡಿಯುವವನಿಗೆ ಇದು ಸಣ್ಣ ಮೊತ್ತವಲ್ಲ. ಆದರೆ ನಿಯಮ ವರ್ಷವಿಡೀ ಅಲ್ಲ, ಋತುವಿಗೆ ಮಾತ್ರ ಎಂಬುದರಲ್ಲೇ ಪರಿಹಾರವೂ ಇದೆ. ಮಳೆಗಾಲದ ಕೊನೆಗೆ 3 ಮಿ.ಮೀ.ಗೆ ಬಂದ ಟೈರನ್ನು ನವೆಂಬರ್‌ನಿಂದ ಮೇವರೆಗಿನ ಒಣ ರಸ್ತೆಯಲ್ಲಿ ಸವೆಸಿ ಮುಗಿಸಬಹುದು. ಹೊಸ ಟೈರ್ ಕೊಳ್ಳುವ ತಿಂಗಳು ಮೇ ಆಗಬೇಕು, ಅಷ್ಟೆ. ನಾವು ಇಂದು ಮಾಡುತ್ತಿರುವುದು ಇದರ ತಿರುಗುಮುರುಗು: ‘ಈ ಮಳೆಗಾಲ ಒಂದು ಕಳೆಯಲಿ’ ಎಂದು ಸವೆದ ಟೈರಿನಲ್ಲೇ ಮಳೆ ಕಳೆದು ದೀಪಾವಳಿಯ ಆಫರಿಗೆ ಹೊಸದು ಹಾಕಿಸುತ್ತೇವೆ.

ಎರಡನೆಯ ಆಕ್ಷೇಪ ನನಗೂ ಇದೆ. ಹೊಸ ನಿಯಮ ಎಂದರೆ ಕೈ ಅಡ್ಡ ಹಿಡಿದು ಗಾಡಿ ನಿಲ್ಲಿಸಲು ಹೊಸ ನೆಪ. ಮಳೆಯಲ್ಲಿ ರಸ್ತೆ ಬದಿಗೆ ನಿಲ್ಲಿಸಿ ಟೈರಿಗೆ ಅಳತೆಕಡ್ಡಿ ಚುಚ್ಚುವ ದೃಶ್ಯವೇ ಅಪಾಯಕಾರಿ. ಹಾಗಾಗಿ ಮನೆಬಳಕೆಯ ಕಾರುಗಳ ಮಟ್ಟಿಗೆ ನನಗೆ ಕ್ವಿಬೆಕ್‌ನ ದಾರಿಗಿಂತ ಒಂಟಾರಿಯೊದ ದಾರಿ ಮೇಲೆನಿಸುತ್ತದೆ. ಮೇ ತಿಂಗಳಲ್ಲಿ ಟೈರ್ ಅಂಗಡಿಯಲ್ಲಿ ಆಳ ಅಳೆಸಿ, ಸೆನ್ಸರ್ ನೋಡಿಸಿ ತಂದ ಚೀಟಿಗೆ ವಿಮಾ ಕಂತಿನಲ್ಲಿ ಒಂದಿಷ್ಟು ರಿಯಾಯಿತಿ ಕೊಟ್ಟರೆ ಜನ ತಾವಾಗಿ ಹೋಗುತ್ತಾರೆ. ಸ್ವಂತ ಗಾಡಿಯ ಹಾನಿಯ ವಿಮೆಯಲ್ಲಿ ಕಂಪನಿಗಳು ಹೀಗೆ ರಿಯಾಯಿತಿ ಕೊಡುವುದು ಕಷ್ಟವೇನಲ್ಲ. ಜಾರಿ ಗುದ್ದಿದ ಕಾರಿನ ಬಂಪರಿಗೆ ದುಡ್ಡು ತೆರುವವರು ಅವರೇ. ಕಡ್ಡಾಯದ ಭಾರ ಬೀಳಬೇಕಾದದ್ದು ಹಣ ಪಡೆದು ಜನರನ್ನು ಸಾಗಿಸುವ ಗಾಡಿಗಳ ಮೇಲೆ.

ತಪ್ಪು ರಸ್ತೆಯದು, ಟೈರಿನದಲ್ಲ ಎನ್ನುವವರೂ ಇದ್ದಾರೆ. ಅರ್ಧ ಒಪ್ಪುತ್ತೇನೆ. ಬಿ.ಸಿ.ರೋಡಿನಿಂದ ಕಲ್ಲಡ್ಕ, ಮಾಣಿ ಕಡೆಗೆ ವರ್ಷಗಟ್ಟಲೆ ಎಳೆದ ಕಾಮಗಾರಿಯ ಕೆಸರನ್ನು ಕಂಡವರಿಗೆ ಟೈರಿನ ಗೆರೆಯ ಉಪದೇಶ ಮಾಡಲು ಬಾಯಿ ಬರುವುದಿಲ್ಲ. ಚರಂಡಿಯಿಲ್ಲದೆ ಹೆದ್ದಾರಿ ಕಟ್ಟಿದವರನ್ನು ಕೇಳಬೇಕು, ಬಿಡಬಾರದು. ಆದರೆ ಆ ಕೇಳುವಿಕೆಗೆ ಉತ್ತರ ಬರುವಷ್ಟರಲ್ಲಿ ಎಷ್ಟು ಮಳೆಗಾಲಗಳು ಕಳೆಯುತ್ತವೆ ಎಂಬುದೂ ಇಲ್ಲಿಯವರಿಗೆ ಗೊತ್ತು. ಟೈರು ನಮ್ಮ ಕೈಯಲ್ಲಿರುವ ಭಾಗ. ಬೈಕ್, ಸ್ಕೂಟರುಗಳ ವಿಷಯದಲ್ಲಿ ಮಾತ್ರ ನನ್ನ ವಾದ ಕುಂಟುತ್ತದೆ. ನಮ್ಮ ರಸ್ತೆಗಳಲ್ಲಿ ಹೆಚ್ಚು ಸಾಯುವವರು ಅವರೇ, ಬಹುತೇಕ ಅವರ ಗಾಡಿಗಳಲ್ಲಿ ಯಾವ ದೀಪವೂ ಇಲ್ಲ, ಅವರಿಗಿರುವ 0.8ರ ಮಿತಿ ಕಾರಿನದಕ್ಕಿಂತಲೂ ಸಡಿಲ. ದೀಪವನ್ನು ಹಿಡಿದು ಹೊರಟ ಯಾವ ಸುಧಾರಣೆಯೂ ಅವರನ್ನು ಮುಟ್ಟುವುದಿಲ್ಲ. ಆಳವನ್ನು ಹಿಡಿದು ಹೊರಟರೆ ಮುಟ್ಟಬಹುದು, ಅದಕ್ಕೆ ಕೇಂದ್ರದ ನಿಯಮವೇ ತಿದ್ದುಪಡಿಯಾಗಬೇಕು.

ಜಿಲ್ಲೆಯ ಮಟ್ಟದಲ್ಲಿ, ಕಾನೂನು ಬದಲಾಗುವವರೆಗೆ ಕಾಯದೆ ಮಾಡಬಹುದಾದ ಒಂದು ಕೆಲಸವಿದೆ. ಬೇಸಿಗೆ ರಜೆ ಮುಗಿದು ಶಾಲೆಗಳು ತೆರೆಯುವುದು ಮೇ ಕೊನೆಗೆ, ಪತ್ತನಾಜೆ ಕಳೆದ ಕೆಲವೇ ದಿನಗಳಲ್ಲಿ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಶಾಲಾ ಬಸ್ಸು, ವ್ಯಾನುಗಳನ್ನು ಆ ವಾರ ಆಯಾ ಶಾಲೆಯ ಅಂಗಳದಲ್ಲೇ ಸಾಲಾಗಿ ನಿಲ್ಲಿಸಿ, ಸಾರಿಗೆ ಇಲಾಖೆಯವರ ಜೊತೆ ಊರಿನ ಒಬ್ಬ ಟೈರ್ ಅಂಗಡಿಯವರನ್ನೂ ಕರೆದು ಆಳ ಅಳೆಸಬಹುದು. ಅಳತೆಕಡ್ಡಿಗೆ ಹೆಚ್ಚು ಬೆಲೆಯಿಲ್ಲ. ಸಂಖ್ಯೆಗಳನ್ನು ಒಂದು ಹಾಳೆಯಲ್ಲಿ ಬರೆದು ನೋಟಿಸ್ ಬೋರ್ಡಿಗೆ ಅಂಟಿಸಿದರೆ ಉಳಿದದ್ದನ್ನು ಮಕ್ಕಳ ತಂದೆತಾಯಿಯರೇ ನೋಡಿಕೊಳ್ಳುತ್ತಾರೆ.